ಕೂಸಿಲ್ಲದ ಬಾಣಂತಿಗೆ ನೀರು ಹಾಕಿದ್ದು

ಬರಬೇಡಿ ಎಂದು ಹೇಳುವುದಕ್ಕೇ ಪಕ್ಕದ ಮನೆಯ ನೂಡಲ್ಸ್ ಗಾಡಿಯ ಹುಡುಗ ಬಂದಿದ್ದ. ನಾನು ಹಿತ್ತಲಲ್ಲಿ ಕೂತು ಲಕ್ಕಿ ಸೊಪ್ಪನ್ನು ಕಡ್ಡಿಯಿಂದ ಬಿಡಿಸುತ್ತಿದ್ದೆ. ಬಾಣಂತಿಗೆ ಕಾಯಿಸುವ ನೀರಿಗೆ ಹಾಕುವ ಸೊಪ್ಪು, ಅವನ ಹೆಂಡತಿಗೆಂದೇ ತರಿಸಿದ್ದು. ಅವನು ಬಾಗಿಲ ಹೊರಗೇ ನಿಂತು, ಮೊಮ್ಮಗ ಅಜ್ಜಿಯನ್ನು ಕರೆಯುವ ಹಾಗೆ, "ನಾನೀ, ನೀವು ಬರೋದು ಬ್ಯಾಡ," ಎಂದ.

"ಯಾಕಪ್ಪ, ಹೆಂಡ್ತಿಗೆ ನೀನೇ ನೀರು ಹಾಕ್ತೀಯಾ? ನೂಡಲ್ಸ್ ಬೇಯಿಸ್ದಂಗೆ ಬೇಯಿಸಿಬಿಟ್ಟೀಯ ಹುಡುಗೀನ."

ನನ್ನ ಬಾಯಿ ಹಾಗೆಯೇ. ಮೊದಲು ಅದು ಆಡುತ್ತದೆ, ಕಣ್ಣು ಆಮೇಲೆ ನೋಡುತ್ತದೆ. ನೋಡಿದರೆ ಅವನ ಅಂಗಿಯ ಮುಂಭಾಗವೆಲ್ಲ ಮಣ್ಣಾಗಿತ್ತು.

"ಕೂಸು ಇಲ್ಲ ನಾನೀ. ಹೊಟ್ಟ್ಯಾಗೇ ಉಸಿರು ನಿಂತಿತ್ತಂತೆ. ಗಂಡು. ನಿಮ್ಮ ಅಳಿಯ ಜೊತೆಗಿದ್ರು. ಮಣ್ಣು ಮಾಡಿ ಬಂದ್ವಿ."

ಸೊಪ್ಪು ಬಿಡಿಸುತ್ತಿದ್ದ ನನ್ನ ಕೈ ನಿಲ್ಲಲಿಲ್ಲ. ಬಿಡಿಸುತ್ತಲೇ ಕೇಳಿದೆ. "ಆಕೆ ಹೆಂಗದಾಳೆ?"

"ಮಾತಾಡಲ್ಲ. ನಾಳೆ ಮನೆಗೆ ಕಳಿಸ್ತಾರಂತೆ."

"ಹಂಗಾದ್ರೆ ಬಚ್ಚಲೊಲೆಗೆ ಸೌದೆ ತಂದಿಡು. ನಾಡಿದ್ದು ಬರ್ತೀನಿ."

"ಕೂಸೇ ಇಲ್ವಲ್ಲ ನಾನೀ."

"ಹೆತ್ತಾಕೆ ಅದಾಳಲ್ಲ," ಎಂದೆ.

ಅವನು ಹೋದ ಮೇಲೆ ಆ ಸೊಪ್ಪನ್ನೆಲ್ಲ ಬಿಡಿಸಿ ಮೊರಕ್ಕೆ ತುಂಬಿದೆ. ಧೈರ್ಯವಾಗಿ ಹೇಳಿಬಿಟ್ಟಿದ್ದೆ. ಆದರೆ ಕೂಸಿಲ್ಲದ ಬಾಣಂತಿಗೆ ನಾನು ಅದುವರೆಗೆ ನೀರು ಹಾಕಿರಲಿಲ್ಲ. ಅಂಥ ಮನೆಗಳವರು ಕರೆಯುವುದಿಲ್ಲ, ನೀರು ಹಾಕುವ ನಾವೂ ಹೋಗುವುದಿಲ್ಲ. ಆ ಹೆಂಗಸರು ತಮ್ಮ ಪಾಡಿಗೆ ತಾವು ಮಿಂದು, ಮರುವಾರ ಒಲೆಯ ಮುಂದೆ ಕೂತಿರುತ್ತಾರೆ.

ಇದನ್ನು ಫೋನಿನಲ್ಲಿ ಒಂದೇ ಬೆರಳಿನಲ್ಲಿ ಬರೆಯುತ್ತಿದ್ದೇನೆ. ಮೊಮ್ಮಗಳು ಈಚೆಗೆ ಕಲಿಸಿದ್ದು. ಎಣ್ಣೆ ತಿಕ್ಕಿ ತಿಕ್ಕಿ ನನ್ನ ಬೆರಳಿನ ಗೆರೆಗಳೇ ಸವೆದುಹೋಗಿವೆ. ರೇಷನ್ ಅಂಗಡಿಯ ಮಿಷನ್ನು ನನ್ನನ್ನು ಗುರುತಿಸುವುದಿಲ್ಲ, ಫೋನೂ ಗುರುತಿಸುವುದಿಲ್ಲ. ಗುರುತಿಸುವುದು ಚನ್ನಗಿರಿಯ ಕೂಸುಗಳು ಮಾತ್ರ, ಅವೂ ಕಂಡ ಕೂಡಲೇ ಅಳುತ್ತವೆ.

ಆ ಹುಡುಗಿಯ ವಿಷಯ ಹೇಳಬೇಕು. ನೇಪಾಳದ ಒಂದು ಬೆಟ್ಟದ ಹಳ್ಳಿಯವಳು, ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಗಂಡ ಮೊದಲೇ ಬಂದು ನಮ್ಮ ಬಸ್ ಸ್ಟ್ಯಾಂಡಿನ ಹತ್ತಿರ ಗಾಡಿ ಇಟ್ಟು ಗೋಬಿ, ನೂಡಲ್ಸ್ ಮಾಡುತ್ತಿದ್ದ. ಊರಿಗೆ ಹೋಗಿ ಮದುವೆಯಾಗಿ ಈಕೆಯನ್ನು ಕರೆತಂದು, ನಮ್ಮ ಗೋಡೆಗೆ ಗೋಡೆ ತಾಗಿದ ಮನೆಯಲ್ಲಿ ಇಳಿಸಿದ. ಬಂದ ಮರುದಿನ ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು ಹಿಂದಿಯಲ್ಲಿ ಕೇಳಿದಳು: "ಈ ಶಹರದಲ್ಲಿ ಜನ ಯಾವಾಗ ಮಲಗ್ತಾರೆ?"

ನಮ್ಮ ಚನ್ನಗಿರಿಯನ್ನು ಯಾರಾದರೂ ಶಹರ ಎಂದದ್ದನ್ನು ನಾನು ಅವತ್ತೇ ಕೇಳಿದ್ದು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ಆಮೇಲೆ ತಿಳಿಯಿತು. ಬಸ್ಸಿನ ಹಾರನ್ನಿಗೆ ರಾತ್ರಿಯೆಲ್ಲ ಅವಳಿಗೆ ನಿದ್ದೆ ಬಂದಿರಲಿಲ್ಲ. ಅವಳ ಊರಿಗೆ ಬಸ್ಸೇ ಹೋಗುವುದಿಲ್ಲವಂತೆ.

ನಮ್ಮ ಮನೆಮಾತು ಉರ್ದು, ಅವಳಿಗೆ ಬರುತ್ತಿದ್ದುದು ಹರುಕು ಹಿಂದಿ. ಎರಡೂ ಸೇರಿ ಹೇಗೋ ಮಾತಾಯಿತು. ಕನ್ನಡ ನಾನು ಕಲಿಸಿದೆ, ಕಲಿಸಬಾರದ್ದನ್ನೂ ಕಲಿಸಿದೆ. ಸಂತೆಯಲ್ಲಿ ಸೊಪ್ಪಿನವಳು ಬೆಲೆ ಹೇಳಿದರೆ "ಏನವ್ವ, ಇದು ಸೊಪ್ಪೋ ರೇಷ್ಮೆ ಸೀರೆಯೋ?" ಎಂದು ಕೇಳಬೇಕು ಎಂದು ಹೇಳಿಕೊಟ್ಟಿದ್ದೆ. ಅವಳು ಅದೊಂದನ್ನೇ ಬಾಯಿಪಾಠ ಮಾಡಿಕೊಂಡು ಮೀನಿನವನಿಗೂ, ಮೆಡಿಕಲ್ ಶಾಪಿನವನಿಗೂ ಕೇಳಿ ಬಂದಳು. ಮೀನಿನವನು ನಗುತ್ತಾ ಎರಡು ಮೀನು ಹೆಚ್ಚಿಗೆ ಹಾಕಿದನಂತೆ. ಮೆಡಿಕಲ್ ಶಾಪಿನವನು ನಗಲಿಲ್ಲವಂತೆ.

ಚಳಿಗಾಲದ ಬೆಳಿಗ್ಗೆ ಬೀದಿಗೆ ಬೆನ್ನು ಕೊಟ್ಟು ಬಿಸಿಲಿನಲ್ಲಿ ಸುಮ್ಮನೆ ಕೂರುತ್ತಿದ್ದಳು. ಬಿಸಿಲಿಗೆ ಹೆದರಿ ನೆರಳು ಹುಡುಕುವ ನಮ್ಮ ಓಣಿಯವರಿಗೆ ಅದೊಂದು ವಿಚಿತ್ರ. "ಆ ಹುಡುಗಿಗೆ ತಲೆ ಸರಿ ಐತೋ ಇಲ್ಲೋ, ಹಪ್ಳ ಒಣಗಿದಂಗೆ ಒಣಗ್ತಾಳೆ," ಎನ್ನುತ್ತಿದ್ದರು ಎದುರು ಮನೆಯಾಕೆ. ಬಸುರಿ ಎಂದು ಗೊತ್ತಾದ ದಿನ ಅದೇ ಎದುರು ಮನೆಯಾಕೆ ಹುಣಸೆಹಣ್ಣು ತಂದು ಕೊಟ್ಟರು.

ಏಳು ತಿಂಗಳಾದಾಗ ಅವಳು ನನ್ನ ಕೈ ಹಿಡಿದುಕೊಂಡು ಹೇಳಿದಳು: "ನನ್ನ ತಾಯಿಗೆ ಬರಾಕೆ ಆಗಲ್ಲ ನಾನೀ. ಅಷ್ಟು ದೂರ ಅವರು ಯಾವತ್ತೂ ಬಂದಿಲ್ಲ." ನಾನಿ ಎಂದರೆ ನಮ್ಮಲ್ಲಿ ತಾಯಿಯ ತಾಯಿ. ಹಾಗೆ ಕರೆಯಲು ಅವಳಿಗೆ ಯಾರೂ ಹೇಳಿರಲಿಲ್ಲ, ನಮ್ಮ ಮೊಮ್ಮಕ್ಕಳು ಕರೆಯುವುದನ್ನು ಕೇಳಿ ತಾನೇ ಹಿಡಿದುಕೊಂಡಿದ್ದಳು. "ನಿನ್ನ ತಾಯಿಗಿಂತ ಜೋರಾಗಿ ಬಯ್ಕೊಂಡು ಎರೀತೀನಿ, ಸಾಕಾ?" ಎಂದೆ. ಎರೆಯುವುದೆಂದರೆ ನಮ್ಮ ಕಡೆ ಕೂಸಿಗೆ ಎಣ್ಣೆ ಹಚ್ಚಿ ಮೀಯಿಸುವುದು.

ಅವಳು ಆಸ್ಪತ್ರೆಯಿಂದ ಬಂದ ಮರುದಿನ, ಗಂಡನಿಗೆ ಹೇಳಿದ ಹಾಗೆ ಹೋದೆ. ಹಂಡೆಯಲ್ಲಿ ಲಕ್ಕಿ, ಬೇವು, ಹುಣಸೆ ಸೊಪ್ಪು ಹಾಕಿ ಕಾಯಿಸಿದೆ. ನೀರು ಚಹಾದ ಬಣ್ಣಕ್ಕೆ ತಿರುಗಬೇಕು, ಅಲ್ಲಿಯವರೆಗೆ ಇಳಿಸಬಾರದು. ಹರಳೆಣ್ಣೆ ಬೆಚ್ಚಗೆ ಮಾಡಿ ಪಾದದಿಂದ ಶುರು ಮಾಡಿದೆ. ಪಾದ, ಮೀನಖಂಡ, ಮೊಣಕಾಲು, ಆಮೇಲೆ ಸೊಂಟ. ಹೆಬ್ಬೆರಳಿನಿಂದ ಬೆನ್ನುಮೂಳೆಯ ಎರಡೂ ಪಕ್ಕ ಒತ್ತುತ್ತಾ ಮೇಲಕ್ಕೆ ಬರಬೇಕು. ಹೆತ್ತ ಹೆಣ್ಣಿನ ಸೊಂಟ ಸಡಿಲವಾಗಿರುತ್ತದೆ, ಜೋರು ಮಾಡಿದರೆ ಕೆಡುತ್ತದೆ, ಹಗುರಾದರೆ ಒತ್ತಿಯೂ ಪ್ರಯೋಜನವಿಲ್ಲ. ಅವಳು ಗೋಡೆ ನೋಡುತ್ತಾ ಕೂತಿದ್ದಳು. ನೋವಾದರೆ ಹೇಳು ಎಂದೆ.

ನೀರನ್ನು ಸುರಿಯುವುದಲ್ಲ, ಹೊಡೆಯುವುದು. ಚೊಂಬನ್ನು ಮೊಳದಷ್ಟು ದೂರದಿಂದ ಬೀಸಿ ಸೊಂಟದ ಮೇಲೆ ರಪ್ಪೆಂದು ಬೀಳುವಂತೆ ಹಾಕಬೇಕು. ಸೊಂಟ ಆದ ಮೇಲೆ ಬೆನ್ನು, ಭುಜ, ಎದೆ. ನನ್ನ ಕೈಗೆ ಇದೆಲ್ಲ ಹೇಳಿಕೊಡಬೇಕಾಗಿಲ್ಲ, ಅದು ತನ್ನ ಪಾಡಿಗೆ ಮಾಡುತ್ತದೆ. ಅವತ್ತೂ ಹಾಗೇ ಮಾಡಿತು. ಮೈ ಒರೆಸಿ, ಹಳೆಯ ಸೀರೆಯಿಂದ ಹೊಟ್ಟೆ ಬಿಗಿದು ಕಟ್ಟಿ, ಕಿವಿಗೆ ಹತ್ತಿ ಇಟ್ಟು, ಕೆಂಡದ ಮೇಲೆ ಓಮ ಹಾಕಿ ಹೊಗೆ ಕೊಟ್ಟು, ಜಗಳೂರಿನ ಕಂಬಳಿ ಹೊದಿಸಿ ಬಚ್ಚಲ ಎದುರಿಗೇ ಬೆವರಲು ಮಲಗಿಸಿದೆ.

ತಿರುಗಿ ನೋಡಿದರೆ ಬಚ್ಚಲಿನ ಮೂಲೆಯಲ್ಲಿ ಒಂದು ಚಿಕ್ಕ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರು ತಣಿಯುತ್ತಾ ಇತ್ತು. ಸೊಪ್ಪಿಲ್ಲದ, ಬರೀ ನೀರು. ಕೂಸಿಗೆಂದು ಬೇರೆ ತೆಗೆದಿಡುವುದು ನನ್ನ ರೂಢಿ. ಯಾವಾಗ ತೆಗೆದಿಟ್ಟೆನೋ ನನಗೇ ತಿಳಿದಿರಲಿಲ್ಲ. ಅವಳು ಕಂಬಳಿಯೊಳಗಿನಿಂದ ಅದನ್ನೇ ನೋಡುತ್ತಿದ್ದಳು. ಸದ್ದಾಗದ ಹಾಗೆ ಚೆಲ್ಲಿ ಬಂದೆ.

ಆ ದಿನ, ಮರುದಿನ, ಓಣಿಯ ಮನೆಮನೆಯಿಂದ ಊಟ ಬಂತು. ಎದುರು ಮನೆಯಾಕೆ ಸಬ್ಬಸಿಗೆ ಸೊಪ್ಪಿನ ಪಲ್ಯ ತಂದರು. ಮೂಲೆಮನೆಯವರು ತುಪ್ಪದಲ್ಲಿ ಬೆಳ್ಳುಳ್ಳಿ ಹುರಿದು ಕಲಸಿದ ಅನ್ನ. ಮಸೀದಿಯ ಹಿಂದಿನ ಮನೆಯಿಂದ ಮೆಂತ್ಯದ ಗಂಜಿ. "ಪಾಪ, ತಾಯಿಲ್ಲದ ಊರಾಗೆ ಐತೆ ಹುಡುಗಿ, ಉಣ್ಸು ಬೂಬಮ್ಮ," ಎಂದು ನನ್ನ ಕೈಗೇ ಕೊಟ್ಟು ಹೋದರು. ನಾನು ಕೂತು ಒಂದೊಂದೇ ತುತ್ತು ಉಣ್ಣಿಸಿದೆ. ಹೆತ್ತ ಮನೆಗೆ ಇಂಥದ್ದನ್ನೇ ಕಳಿಸುವುದು, ಹೆತ್ತವಳಿಗೆ ಇಂಥದ್ದನ್ನೇ ತಿನ್ನಿಸುವುದು. ಸಬ್ಬಸಿಗೆ, ಬೆಳ್ಳುಳ್ಳಿ, ಮೆಂತ್ಯ ಏತಕ್ಕೆ ಎಂದು ಕಳಿಸಿದವರೂ ಯೋಚಿಸಲಿಲ್ಲ, ತಿನ್ನಿಸಿದ ನಾನೂ ಯೋಚಿಸಲಿಲ್ಲ.

ಹಾಲು ಬರಲೆಂದು ಕೊಡುವುದು ಅದನ್ನೆಲ್ಲ.

ಮುಂದಿನ ಬೆಳಿಗ್ಗೆ ಹೋದಾಗ ಅವಳ ಕುಪ್ಪಸ ಎರಡೂ ಕಡೆ ಒದ್ದೆಯಾಗಿತ್ತು. ಎದೆ ಕಲ್ಲಾಗಿತ್ತು. ಮೈ ಸುಡುತ್ತಿತ್ತು. ಕೈ ಎತ್ತಲು ಆಗದೆ ತೋಳುಗಳನ್ನು ಅಗಲಿಸಿಕೊಂಡು ಕೂತಿದ್ದವಳು ನನ್ನನ್ನು ಕಂಡು, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಮಾತಾಡಿದಳು.

"ಇದು ಯಾರಿಗೆ ನಾನೀ?"

ನಾನು ಬಾಯಾಳಿ. ನಮ್ಮ ಓಣಿಯಲ್ಲಿ ನನ್ನ ಬಾಯಿಗೆ ಹೆದರದವರಿಲ್ಲ. ಅವತ್ತು ಅದನ್ನು ಬಿಟ್ಟು, ಅವಳ ಒದ್ದೆ ಕುಪ್ಪಸದ ಗುಂಡಿ ಬಿಚ್ಚಿದೆ. ಊರೆಲ್ಲ ಸೇರಿ, ಪ್ರೀತಿಯಿಂದ, ಕುಡಿಯುವ ಬಾಯಿಲ್ಲದ ಮನೆಯಲ್ಲಿ ಹಾಲು ತರಿಸಿದ್ದೆವು. ಸಾಲದ್ದಕ್ಕೆ ನಾನು ಎದೆಯ ಮೇಲೆ ಬಿಸಿನೀರು ಹೊಡೆದಿದ್ದೆ.

ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಯ ಸಿಸ್ಟರು ನನಗೆ ಗುರುತಿನವರು. ಜ್ವರಕ್ಕೆ ಮಾತ್ರೆ ಕೊಟ್ಟು, ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಎದೆಗೆ ಬಿಸಿನೀರು ಬ್ಯಾಡಜ್ಜಿ. ತಣ್ಣನೆ ಬಟ್ಟೆ ಹಾಕಿ. ತೀರಾ ಬಿಗಿದ್ರೆ ನೋವು ಇಳಿಯೋವಷ್ಟು ಮಾತ್ರ ಹಿಂಡಿ, ಪೂರ್ತಿ ತೆಗೀಬ್ಯಾಡಿ. ತೆಗೆದಷ್ಟೂ ಬರ್ತೈತೆ. ನಿಮಗೆ ನಾನೇನು ಹೇಳ್ಕೊಡೋದು, ನೀವೇ ಬಲ್ಲೋರು."

"ಕೈ ಬಲ್ಲುದಮ್ಮ, ತಲೆ ಮನ್ಯಾಗೇ ಉಳಕೊಂಡಿತ್ತು," ಎಂದೆ.

ನನ್ನ ಅತ್ತೆ ಒಂದು ಮಾತು ಹೇಳಿದ್ದು ನೆನಪಾಯಿತು. ಹಾಲು ಇಂಗಿಸಲು ಮಲ್ಲಿಗೆ ಮೊಗ್ಗು ಅರಳುವ ಮುಂಚೆ ಒತ್ತಾಗಿ ಕಟ್ಟಿಸಿ, ಎದೆಗೆ ಸುತ್ತಿ, ಮೇಲೆ ಬಟ್ಟೆ ಕಟ್ಟಬೇಕು. ಸಿಸ್ಟರನ್ನು ಕೇಳಿದೆ. "ಕಟ್ಟಿ ಅಜ್ಜಿ, ತೊಂದ್ರೆ ಏನಿಲ್ಲ, ಭಾಳ ಬಿಗಿ ಮಾತ್ರ ಬ್ಯಾಡ," ಎಂದರು. ಬಸ್ ಸ್ಟ್ಯಾಂಡಿನ ಹೂವಿನವನ ಹತ್ತಿರ ಹೋದೆ.

"ಮೊಗ್ಗು ಒತ್ತಾಗಿ ಇರ್ಬೇಕಪ್ಪ, ನಡುವೆ ಎಲೆ ಹಾಕ್ಬ್ಯಾಡ. ದಿನಾ ಬೇಕು."

"ದಿನಾನಾ? ಯಾರಿಗಜ್ಜಿ, ನಿಮಗೇನಾ? ಅಜ್ಜ ಹೋಗಿ ಎಷ್ಟು ವರ್ಷಾತು, ಈಗ ಮಲ್ಲಿಗೆ ಕೇಳ್ತೀರಲ್ಲ."

"ಹೊಸಬನ್ನೂ ನೀನು ಅಜ್ಜ ಅನ್ನಂಗಿದ್ರೆ ಯಾರು ಅಂತ ಹೇಳ್ತೀನಿ, ಕಟ್ಟು ಸುಮ್ನೆ," ಎಂದೆ. ಅಂಗಡಿಯ ಸುತ್ತ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಹೂವಿನ ಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಬಸ್ಸಿಗೆ ಕಾಯುವ ಜನರ ನಡುವೆ ಬೇಗ ಬೇಗ ಮನೆಗೆ ನಡೆದೆ.

ಹಿಂಡಿದ ಹಾಲನ್ನು ಕಾಲಿಗೆ ತುಳಿಯುವ ಕಡೆ ಚೆಲ್ಲುವುದಿಲ್ಲ. ಹಿತ್ತಲಿನ ನುಗ್ಗೆ ಗಿಡದ ಬುಡಕ್ಕೆ ಹಾಕು ಎಂದೆ. ಅವಳು ತಾನೇ ಎದ್ದು ಹೋಗಿ, ಬಗ್ಗಿ, ಬಟ್ಟಲು ಓರೆ ಮಾಡಿ ಬಹಳ ನಿಧಾನವಾಗಿ ಹಾಕಿದಳು. ಕೂಸಿನ ಬಾಯಿಗೆ ಹಾಕುವಷ್ಟು ನಿಧಾನ.

ಆ ವಾರದಲ್ಲೇ ದೊಡ್ಡ ಮನೆಯಿಂದ ಫೋನು ಬಂತು. ಪೇಟೆಯಲ್ಲಿ ಅಡಿಕೆ ವ್ಯಾಪಾರ ಮಾಡುವವರ ಮನೆ. ಅವರ ಮಗಳು ಹೆರಿಗೆಗೆ ಬಂದಿದ್ದಳು. ಆ ಮಗಳನ್ನೇ ಕೂಸಾಗಿದ್ದಾಗ ನಾನು ಎರೆದದ್ದು, ಅವಳ ಅಣ್ಣಂದಿರನ್ನೂ ನಾನೇ. ಆ ಮನೆಯ ಬಚ್ಚಲಿನಲ್ಲಿ ನನ್ನದೇ ಒಂದು ಮಣೆ ಇತ್ತು. ಅದರ ಮೇಲೆ ಬೇರೆ ಯಾರೂ ಕೂರುತ್ತಿರಲಿಲ್ಲ.

"ಬೂಬಮ್ಮ, ತಪ್ಪು ತಿಳ್ಕೋಬ್ಯಾಡ್ರಿ," ಎಂದರು ಯಜಮಾನತಿ. "ನೀವು ಆ ನೇಪಾಳಿ ಹುಡುಗಿ ಮನೆಗೆ ಹೋಗ್ತೀರಂತೆ. ಅಲ್ಲಿ ನೀರು ಹಾಕಿದ ಕೈಲೇ ಇಲ್ಲಿ ಕೂಸು ಎತ್ಕೊಂಡ್ರೆ ನನ್ನ ಮನ್ಸು ತಡಿಯಂಗಿಲ್ಲ."

"ಸೋಪು ಹಚ್ಚಿ ತೊಳ್ಕೊಂಡೇ ಬರ್ತೀನವ್ವ."

"ನಗ್ಸಬ್ಯಾಡ್ರಿ ನನ್ನ. ಹೋದ ಸಲ ಈಕೆಗೆ ಐದು ತಿಂಗ್ಳಿಗೆ ಹೋತು, ನಿಮಗೆ ಗೊತ್ತೈತೆ. ನಾನು ಹೆದರಿದೀನಿ ಬೂಬಮ್ಮ. ನೀವೇ ಬರ್ಬೇಕು ನನ್ನ ಮಗಳಿಗೆ. ಅಲ್ಲಿಗೆ ಬೇರೆ ಯಾರನಾ ಗೊತ್ತು ಮಾಡಿ. ಇಷ್ಟು ಕೇಳ್ಕೊಂತೀನಿ."

ನನಗೆ ಸಿಟ್ಟು ಬಂದಿದ್ದರೆ ಸುಲಭವಾಗುತ್ತಿತ್ತು. ಬರಲಿಲ್ಲ. ಆ ಮಗಳ ಬೆನ್ನಿನ ಮೇಲಿನ ಮಚ್ಚೆ ಎಲ್ಲಿದೆ ಎಂದು ಅವಳ ತಾಯಿಗಿಂತ ನನಗೆ ಚೆನ್ನಾಗಿ ಗೊತ್ತು. ಅವಳ ಕೂಸನ್ನು ನನ್ನ ಕಾಲ ಮೇಲೆ ಹಾಕಿಕೊಳ್ಳಬೇಕೆಂದು ನಾನೂ ಆಸೆಪಟ್ಟಿದ್ದೆ.

ಹೊನ್ನಾಳಿಯಲ್ಲಿ ನನ್ನ ಹಾಗೇ ನೀರು ಹಾಕುವ ಒಬ್ಬಾಕೆ ಇದ್ದಾಳೆ. ಕೈ ಒಳ್ಳೆಯದು, ನನಗಿಂತ ಚಿಕ್ಕವಳು. ಅವಳಿಗೆ ಫೋನು ಮಾಡಿ ಹುಡುಗಿಯ ವಿಷಯ ಹೇಳಿದೆ.

"ಕೂಸಿಲ್ಲದ ಮನೆಗಾ? ಅಕ್ಕಾ, ನಿಂಗೆ ವಯಸ್ಸಾತು, ನಡೀತೈತೆ. ನಾನು ಇನ್ನೂ ದುಡೀಬೇಕು. ಆಮೇಲೆ ನನ್ನ ಕೈಗೆ ಯಾರು ಕೂಸು ಕೊಡ್ತಾರೆ ಹೇಳು."

ಅವಳನ್ನು ಬಯ್ಯಲು ನನಗೆ ಯಾವ ಹಕ್ಕಿತ್ತು? ಅಷ್ಟು ವರ್ಷ ನಾನೂ ಅಂಥ ಮನೆಗಳನ್ನು ದಾಟಿಕೊಂಡೇ ಹೋದವಳು. ಎರಡು ದಿನ ಲೆಕ್ಕ ಹಾಕಿದೆ. ಬೆಳಿಗ್ಗೆ ಅಲ್ಲಿ, ಸಂಜೆ ಇಲ್ಲಿ ಕದ್ದು ಹೋಗಲೇ ಎಂದೂ ಯೋಚಿಸಿದೆ. ಆದರೆ ದೊಡ್ಡ ಮನೆಗೆ ಬೇರೆ ಕೈಗಳು ಸಿಗುತ್ತವೆ. ಈ ಹುಡುಗಿಗೆ ಈ ಊರಿನಲ್ಲಿ ಇರುವುದು ನನ್ನ ಎರಡೇ. ಹೊನ್ನಾಳಿಯಾಕೆಗೆ ಮತ್ತೆ ಫೋನು ಮಾಡಿದೆ. "ಹಂಗಾದ್ರೆ ದೊಡ್ಡ ಮನೆಗೆ ನೀನು ಹೋಗು. ಆ ಮಗಳಿಗೆ ಸೊಂಟದ ಎಡಗಡೆ ನೋವು ಐತೆ, ಅಲ್ಲಿ ಮೊದಲು ಬಿಸಿ ಕೊಡು. ಮಣೆ ಬಚ್ಚಲ ಅಟ್ಟದ ಮೇಲೈತೆ."

"ಅದು ನಿನ್ನ ಮಣೆ ಅಲ್ವೇನಕ್ಕಾ?"

"ಈಗ ನಿಂದು," ಎಂದು ಫೋನು ಇಟ್ಟೆ.

ಹಾಲು ಮೆಲ್ಲಗೆ ಇಳಿಯಿತು. ಜ್ವರ ಬಿಟ್ಟಿತು. ಹುಡುಗಿ ಮಾತ್ರ ಚೇತರಿಸಿಕೊಳ್ಳಲಿಲ್ಲ. ಉಣ್ಣು ಎಂದರೆ ತಟ್ಟೆ ನೋಡುತ್ತಿದ್ದಳು. ಹರಳೆಣ್ಣೆಯ ಬಟ್ಟಲು ಮುಂದೆ ತಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಒಂದು ದಿನ ವಾಂತಿಯೇ ಆಯಿತು. ಅವಳ ಗಂಡ ಹೊರಗಿನಿಂದ, "ನಮ್ಮ ಕಡೆ ಸಾಸಿವೆ ಎಣ್ಣೆ ಹಚ್ಚೋದು ನಾನೀ, ಮೆಂತ್ಯದ ಕಾಳು ಹಾಕಿ ಕರೀ ಆಗೋವರ್ಗೂ ಕಾಯಿಸ್ತಾರೆ," ಎಂದ.

"ಬಾಯಾಗೇನು ಹೂರಣ ಇಟ್ಕೊಂಡಿದ್ದೇನೋ ಇಷ್ಟು ದಿನ?"

"ನಿಮಗೆ ಹೆಂಗೆ ಹೇಳೋದು, ನೀವು ದೊಡ್ಡೋರು."

ಸಾಸಿವೆ ಎಣ್ಣೆ ನಮ್ಮ ಕಡೆ ಯಾರೂ ಹಚ್ಚುವುದಿಲ್ಲ, ತಿನ್ನುವುದೂ ಇಲ್ಲ. ದಿನಸಿ ಅಂಗಡಿಗಳಲ್ಲಿ ಕೇಳಿದರೆ ನಕ್ಕರು. ಕೊನೆಗೆ ದಾವಣಗೆರೆಯಲ್ಲಿ ಸಿಕ್ಕಿತು, ನಮ್ಮ ಜೊತೆಗಿರುವ ಹಿರಿ ಅಳಿಯ ತಂದುಕೊಟ್ಟ. ಅವರ ಕಡೆಯ ಹಾಗೇ ಮೆಂತ್ಯ ಹಾಕಿ ಕಾಯಿಸಿದೆ. ಆ ಘಾಟಿಗೆ ನನಗೆ ಕೆಮ್ಮು ಬಂತು, ಕಣ್ಣಿನಲ್ಲಿ ನೀರು ಬಂತು. ಬಟ್ಟಲು ಒಳಗೆ ತಂದ ಕೂಡಲೇ ಅವಳು ತಲೆ ಎತ್ತಿದಳು. ಎಣ್ಣೆಯಲ್ಲಿ ಬೆರಳದ್ದಿ ಮೂಸಿದಳು. "ಅಮ್ಮನ ಕೈ," ಎಂದಳು. ಆಮೇಲೆ ಅಳಲು ಶುರು ಮಾಡಿದಳು. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲು. ನಾನು ತಡೆಯಲಿಲ್ಲ. ಅಳುವವಳ ಬೆನ್ನಿಗೆ ಎಣ್ಣೆ ಹಚ್ಚುತ್ತಾ ಹೋದೆ, ಅಳು ನನ್ನ ಅಂಗೈಗೆ ತಾಗುತ್ತಿತ್ತು.

ಅಂದಿನಿಂದ ಅವಳ ರೂಢಿಯಂತೆ ನಡೆಸಿದೆ. ಎಣ್ಣೆ ಹಚ್ಚಿ ಬಿಸಿಲಿಗೆ ಬೆನ್ನು ಕೊಟ್ಟು ಕೂರಿಸುವುದು, ಆಮೇಲೆ ನಮ್ಮ ನೀರು. ಎದುರು ಮನೆಯಾಕೆ ಈಗ ಹಪ್ಪಳದ ಮಾತಾಡಲಿಲ್ಲ. ತಾವೂ ಒಂದು ಮೊರ ಹಿಡಿದು, ಏನೋ ಆರಿಸುವ ನೆಪದಲ್ಲಿ, ಬಿಸಿಲಿನಲ್ಲೇ ಅವಳ ಪಕ್ಕ ಕೂರತೊಡಗಿದರು. ಹುಡುಗಿಯ ಮುಖಕ್ಕೆ ಬಣ್ಣ ಬಂತು. ನೀರಿನ ಕೊಡ ಎತ್ತಬೇಡ ಎಂದರೂ ಎತ್ತಿದಳು.

ಒಂದು ದಿನ ಗಂಡ ಬಂದು ಹೇಳಿದ: "ಗಾಡಿ ಒಬ್ಬರಿಗೆ ಕೊಟ್ಟೆ ನಾನೀ. ಆಕೇನ ಅವ್ರ ತಾಯಿ ಹತ್ರ ಕರ್ಕೊಂಡು ಹೋಗ್ತೀನಿ. ರೈಲು ದೂರ, ಬಸ್ಸು ದೂರ, ಆಮೇಲೆ ನಡಿಯೋದು ಐತೆ. ನೀವು ಸರಿ ಅಂದ ದಿನ ಟಿಕೆಟ್ ಮಾಡ್ತೀನಿ. ನಿಮ್ಮ ನೀರು ಮುಗೀಲಿ."

"ಸೊಂಟ ಇನ್ನೂ ಗಟ್ಟಿ ಆಗಿಲ್ಲ," ಎಂದೆ ಥಟ್ಟನೆ.

ಮುಂದಿನ ವಾರ ಕೇಳಿದಾಗ, ಇನ್ನೂ ಸ್ವಲ್ಪ ಊತ ಇದೆ ಎಂದೆ. ಅದರ ಮುಂದಿನ ವಾರ, ಈ ಗಾಳಿಯಲ್ಲಿ ಬೇಡ ಎಂದೆ. ನಲವತ್ತು ದಿನ ದಾಟಿತ್ತು. ಸೊಂಟ ಗಟ್ಟಿಯಾಗಿತ್ತು, ಊತ ಇಳಿದಿತ್ತು, ಗಾಳಿ ಎಲ್ಲಿಯೂ ಇರಲಿಲ್ಲ. ನಾನು ನೀರು ಕಾಯಿಸುತ್ತಲೇ ಇದ್ದೆ. ಕೊನೆಯ ನೀರು ಹಾಕುವುದು ನನ್ನ ಕೈಯಲ್ಲಿತ್ತು. ಹಾಕದಿದ್ದರೆ ಅವಳು ಬಾಣಂತಿ, ಬಾಣಂತಿ ಪ್ರಯಾಣ ಮಾಡುವುದಿಲ್ಲ.

ನ್ಯಾಮತಿಯಿಂದ ನನ್ನ ಕಿರಿಯ ಮಗಳು ಬಂದವಳು ಎರಡು ದಿನ ನೋಡಿ, ಬಚ್ಚಲ ಬಾಗಿಲಲ್ಲಿ ನನ್ನನ್ನು ತಡೆದಳು.

"ಅಮ್ಮಾ, ಆಕೆ ಚೆನ್ನಾಗದಾಳೆ. ಯಾಕೆ ಇಟ್ಕೊಂಡೀಯ?"

"ನಾನೆಲ್ಲಿ ಇಟ್ಕೊಂಡೀನಿ? ಕಟ್ಟಿ ಹಾಕಿದೀನಾ?"

"ನೀರಾಗೇ ಕಟ್ಟಿ ಹಾಕೀಯ. ನಾನು ಹೆತ್ತಾಗ ನೀನು ಇದ್ದಿ. ಆಕೆ ತಾಯಿ ಅಲ್ಲಿ ಕೂತು ದಿನಾ ದಾರಿ ನೋಡ್ತಿರ್ತಾಳೆ. ಆಕೇನೂ ತಾಯಿ ಅಲ್ವಾ?"

ನಾನು ಒಲೆ ಊದಲು ಕೂತೆ. ಹೊಗೆ ಕಣ್ಣಿಗೆ ಬಂತು, ಒಳ್ಳೆಯದೇ ಆಯಿತು.

ಹುಡುಗಿಯನ್ನೇ ಕೇಳಿದೆ. "ಹೋಗಾಕೆ ಮನಸ್ಸೈತಾ?"

ಅವಳು ತಲೆ ತಗ್ಗಿಸಿದಳು. "ಐತೆ. ಅಮ್ಮನ ಹತ್ರ ಮಲಗ್ಬೇಕು ಅನ್ಸುತ್ತೆ. ಆದ್ರೆ ನಾನೀ, ಇಲ್ಲಿ ಮಣ್ಣಾಗೆ ಅವನೊಬ್ಬನೇ ಆಗ್ತಾನಲ್ಲ. ಅವನಿಗೆ ಇನ್ನೂ ಯಾರೂ ಏನೂ ಮಾಡಿಲ್ಲ. ಎಣ್ಣೆ ಹಚ್ಚಿಲ್ಲ, ನೀರು ಹಾಕಿಲ್ಲ. ಏನೂ ಮಾಡ್ದೆ ಹೆಂಗೆ ಬಿಟ್ಟು ಹೋಗ್ಲಿ?"

ಸಂಜೆ ಅವಳ ಗಂಡನನ್ನು ಕರೆದು, "ಟಿಕೆಟ್ ಮಾಡು. ನಾಳೆ ಕೊನೇ ನೀರು," ಎಂದೆ. ಮೂರು ದಿನದ ನಂತರದ ರೈಲು ಸಿಕ್ಕಿತು.

ಕೊನೆಯ ದಿನದ ನೀರಿಗೆ ಸೊಪ್ಪು ಹಾಕುವುದಿಲ್ಲ, ಅರಿಶಿನ ಹಾಕುತ್ತಾರೆ. ಅವಳ ತಲೆಗೆ ಸೀಗೆಪುಡಿ ಹಚ್ಚಿ ತಿಕ್ಕಿ ತೊಳೆದೆ. ಹೊಟ್ಟೆಯ ಕಟ್ಟು ಬಿಚ್ಚಿ ಮಡಿಸಿಟ್ಟೆ. ಹೊಸ ಬಳೆ ತೊಡಿಸಿದೆ. ಎಲ್ಲ ಮುಗಿದು ಏಳಬೇಕು, ಅವಳು ನನ್ನ ಸೆರಗು ಹಿಡಿದಳು.

"ಅವನಿದ್ದಿದ್ರೆ ಹೆಂಗೆ ಎರೀತಿದ್ರಿ? ತೋರ್ಸಿ."

"ಬ್ಯಾಡ ಬೇಟಿ."

"ತೋರ್ಸಿ ನಾನೀ. ನಾನು ನೋಡ್ಬೇಕು."

ನಾನು ಮಣೆಯ ಮೇಲೆ ಕೂತೆ. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಎರಡೂ ಕಾಲು ನೀಡಿ ಜೋಡಿಸಿದೆ. ಕೂಸನ್ನು ಮಲಗಿಸುವ ಜಾಗ ಅದು, ತಲೆ ಪಾದದ ಕಡೆ. ಅಂಗೈಗೆ ಸಾಸಿವೆ ಎಣ್ಣೆ ಹಾಕಿಕೊಂಡೆ. ಮೊದಲು ಎದೆ, ಎರಡು ಬೆರಳಿನಲ್ಲಿ, ನಡುವಿನಿಂದ ಪಕ್ಕಕ್ಕೆ. ಆಮೇಲೆ ಕೈ, ಎಡಗೈ ಬಲಕ್ಕೆ, ಬಲಗೈ ಎಡಕ್ಕೆ, ಅಡ್ಡ ಮಡಿಸಿ ಬಿಡಿಸುವುದು. ಕಾಲು ಮಡಿಸಿ ಹೊಟ್ಟೆಗೆ ತಾಗಿಸುವುದು. ತಲೆಯನ್ನು ಅಂಗೈಯಲ್ಲಿ ಸುತ್ತ ಸವರುವುದು. ನನ್ನ ಕೈ ಗಾಳಿಯಲ್ಲಿ ಇದನ್ನೆಲ್ಲ ಮಾಡಿತು. ಮೂಗು ತಿದ್ದುವಾಗ ನನ್ನ ಬಾಯಿ ತನ್ನ ಪಾಡಿಗೆ ಆಡಿತು: "ಅಪ್ಪನಂಗೆ ಚಪ್ಪಟೆ ಮೂಗು ಮಾಡ್ಕೋಬ್ಯಾಡಲೋ, ಯಾರೂ ಹೆಣ್ಣು ಕೊಡಲ್ಲ ನಿಂಗೆ."

ಅವಳು ನಕ್ಕಳು. ಚೊಂಬು ತಾನೇ ತೆಗೆದುಕೊಂಡು, ಹಂಡೆಯಿಂದ ನೀರು ಮೊಗೆದು, ನನ್ನ ಕಾಲ ಮೇಲೆ ಮೆಲ್ಲಗೆ ಹಾಕಿದಳು.

"ಬಿಸಿ ಜಾಸ್ತಿ ಆತು," ಎಂದೆ. "ಕೂಸಿನ ಮೈ ಅದು."

ಅವಳು ತಣ್ಣೀರು ಬೆರೆಸಿದಳು. ಮೊಣಕೈ ಅದ್ದಿ ನೋಡಿದಳು. ಮತ್ತೆ ಹಾಕಿದಳು. ತ್ರಾಣವಿಲ್ಲದ ಕುತ್ತಿಗೆಯನ್ನು ಎತ್ತಿ ಹಿಡಿಯುವ ಹಾಗೆ ನಾನು ಎಡಗೈ ಕೊಟ್ಟೆ, ಹಣೆಗೆ ಬಲಗೈ ಅಡ್ಡ ಹಿಡಿದೆ, ಕಣ್ಣಿಗೆ ನೀರು ಬೀಳದ ಹಾಗೆ. ಬೋರಲು ಹಾಕಿ ಬೆನ್ನು ತೊಳೆದೆ. ಕೊನೆಗೆ ಒಂದು ಬೊಗಸೆ ನೀರು ತೆಗೆದು, ದೃಷ್ಟಿಯಾಗದಿರಲೆಂದು ಮೂರು ಸಲ ಸುತ್ತಿ ಪಕ್ಕಕ್ಕೆ ಚೆಲ್ಲಿದೆ.

ಕೂಸನ್ನು ಎತ್ತಿ ತಾಯಿಯ ಟವೆಲ್ಲಿಗೆ ಹಾಕುವುದೇ ಎರೆಯುವುದರ ಕೊನೆ. ಅವಳಿಗೆ ಅದು ಹೇಗೆ ತಿಳಿಯಿತೋ. ಟವೆಲ್ಲನ್ನು ಎರಡೂ ಕೈ ಮೇಲೆ ಹರಡಿಕೊಂಡು, ಮೊಣಕಾಲೂರಿ, ನನ್ನ ಮುಂದೆ ಚಾಚಿದಳು.

ಅದರಲ್ಲಿ ಇಡಲು ನನ್ನ ಹತ್ತಿರ ಏನೂ ಇರಲಿಲ್ಲ. ನನ್ನ ಎರಡೂ ಒದ್ದೆ ಕೈಗಳನ್ನು ಇಟ್ಟೆ. ಅವಳು ಟವೆಲ್ಲನ್ನು ಅವುಗಳ ಸುತ್ತ ಸುತ್ತಿ, ಎದೆಗೆ ಒತ್ತಿಕೊಂಡು, ಒಂದೊಂದೇ ಬೆರಳನ್ನು, ಬೆರಳ ಸಂದುಗಳನ್ನೂ ಬಿಡದೆ, ಒರೆಸಿದಳು.